ಎರಡನೇ ಗೆಣ್ಣಿನವರೆಗೆ

ರಸ್ತೆ ಮುಂದೆ ಒದ್ದೆಯಾಗಿದೆ — ಇಲ್ಲ, ಬಿಸಿಲು, ಬರೀ ಬಿಸಿಲು, ಹತ್ತಿರ ಹೋದರೆ ಬಿರುಕುಬಿಟ್ಟ ಒಣ ಟಾರು, ಈ ಮರುಭೂಮಿಯಲ್ಲೇ ಹುಟ್ಟಿ ಎಪ್ಪತ್ತನಾಲ್ಕು ವರ್ಷ ಬಿಸಿಲು ಕುಡಿದವಳಿಗೆ ಬಿಸಿಲ್ಗುದುರೆ ಹೊಸದೇನಲ್ಲ, ಆದರೂ ಮೂರು ದಿನದಿಂದ ಪ್ರತಿ ಸಲವೂ ಮೋಸ ಹೋಗುತ್ತಿದ್ದೇನೆ, ಅಗೋ ಅಲ್ಲಿ, ಗುಡ್ಡದ ಬುಡದಲ್ಲಿ ಕಪ್ಪಗೆ ಒಂದು ತೇವದ ಗೆರೆ, ನೋಡನೋಡುತ್ತ ಮೇಲೇರುತ್ತಿದೆ, ಶಾಲಿನೊಳಗೆ ನನ್ನ ಬಲಗೈಯ ತೋರುಬೆರಳು ತನ್ನಷ್ಟಕ್ಕೆ ತಾನೇ ಮಡಚಿಕೊಳ್ಳುತ್ತದೆ, ಸುಮ್ಮನಿರು ಹಾಳಾದ್ದೇ, ಸುಮ್ಮನಿರು — ಚಳಿ ಆಗ್ತಿದ್ಯಾ ದೊಡ್ಡಮ್ಮ, ಏಸಿ ಕಮ್ಮಿ ಮಾಡ್ಲಾ, ಅನ್ನುತ್ತಾಳೆ ನೊಯೆಮಿ, ಸ್ಟೀರಿಂಗ್ ಮೇಲೆ ಒಂದೇ ಕೈ, ಇನ್ನೊಂದರಲ್ಲಿ ಪೆಟ್ರೋಲ್ ಬಂಕಿನ ಕಾಫಿ, ಎರಡೂ ಕೈಯಲ್ಲಿ ಹಿಡಿಯೇ ಮಹಾತಾಯಿ ಎಂದು ಮೂರು ದಿನದಿಂದ ಬಡಕೊಂಡೆ, ಕೇಳುತ್ತಾಳೆಯೇ, ಥೇಟ್ ಅವಳಮ್ಮ, ನನ್ನ ತಂಗಿ ಸೆಲ್ಸಾನೂ ಹೀಗೇ, ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ — ಬೇಡ, ಈಗ ಏಣಿ ಬೇಡ. ಚಳಿ ಇಲ್ಲ ಕಣೆ, ಅಂದೆ. ಮತ್ಯಾಕೆ ಆ ಕೈ ಶಾಲೊಳಗೆ, ಅಂದಳು. ಮುದುಕಿಯರ ಕೈಗೂ ಒಂದು ಮನೆ ಬೇಕಲ್ಲ, ಅಂದೆ. ನಕ್ಕಳು, ಆದರೆ ಪೂರ್ತಿ ನಗಲಿಲ್ಲ, ಈ ಪ್ರಯಾಣ ಶುರುವಾದಾಗಿನಿಂದ ಇವಳು ಪೂರ್ತಿ ನಕ್ಕಿಲ್ಲ.

ಕರೆದಾಗ ಬರಬಾರದಿತ್ತು. ಮಣ್ಣಿನ ಇಗರ್ಜಿಗಳನ್ನು ರಿಪೇರಿ ಮಾಡಿಸುವುದು ಇವಳ ಕೆಲಸ, ಬಿದ್ದದ್ದನ್ನು ಎತ್ತಿಕಟ್ಟುವುದು, ಎತ್ತಿಕಟ್ಟಲಾಗದ್ದನ್ನು ಮ್ಯೂಸಿಯಮ್ಮಿನಲ್ಲಿ ಇಡುವುದು, ಅದಕ್ಕಾಗಿ ಓದಿದಳು, ಓದಿಸಿದವಳು ನಾನೇ, ಬೇಡ ಮಗಳೇ ನರ್ಸ್ ಆಗು ಅಂದಿದ್ದರೆ ಆಗುತ್ತಿದ್ದಳೋ ಏನೋ. ಹೋದ ವಾರ ಅಡುಗೆಮನೆಗೆ ಬಂದು, ಹುರಿದ ಮೆಣಸಿನಕಾಯಿ ಸಿಪ್ಪೆ ಸುಲಿಯುತ್ತ ಕೂತಿದ್ದ ನನ್ನ ಎದುರು ಕೂತು, ದೊಡ್ಡಮ್ಮ, ಅಗುವಾ ಮಾನ್ಸಾದ ಮ್ಯೂಸಿಯಮ್ಮಲ್ಲಿ ನಮ್ಮೂರ ಇಗರ್ಜಿ ಗೋಡೆಯ ಒಂದು ತುಂಡು ಇಡ್ತಾ ಇದೀವಿ, ಶನಿವಾರ ಬಾಗಿಲು ತೆಗೀತಾರೆ, ಅದರ ಕೆಳಗೆ ಏನು ಬರೀಬೇಕು ಅನ್ನೋದನ್ನ ನೀನು ಒಂದ್ಸಲ ನೋಡ್ಬೇಕು, ಗೋಡೆ ಯಾಕೆ ಬಿತ್ತು ಅಂತ ಬರೀಬೇಕಲ್ಲ, ಅಂದಳು. ಮೆಣಸಿನ ಖಾರ ಕಣ್ಣಿಗೆ ಹೋಯಿತು ಎಂದು ಎದ್ದೆ. ಯಾವ ತುಂಡು ಎಂದು ಕೇಳಲಿಲ್ಲ. ದಾರೀಲಿ ಹಳೇ ಇಗರ್ಜಿಗಳನ್ನೆಲ್ಲ ನೋಡ್ಕೊಂಡು ನಿಧಾನ ಹೋಗೋಣ, ಮನೇಲಿ ಕೂತು ಟೀವಿಗೆ ಬೈಯೋದಕ್ಕಿಂತ ವಾಸಿ, ಅಂದಳು, ಬಂದೆ, ಬರದಿದ್ದರೆ ಯಾಕೆ ಬರಲ್ಲ ಅಂತ ಕೇಳುತ್ತಿದ್ದಳು, ಮೂವತ್ತೆಂಟು ವರ್ಷದಿಂದ ನಾನು ಮಾಡಿರುವುದೆಲ್ಲ ಹೀಗೇ, ಯಾರೂ ಯಾಕೆ ಅಂತ ಕೇಳದ ಹಾಗೆ ನೋಡಿಕೊಂಡದ್ದು. ಈಗ ಅದು ಅಚ್ಚಾಗಿ ಗಾಜಿನ ಕೆಳಗೆ ಕೂರುತ್ತದೆ. ಮಳೆನೀರು ಹೋಗುವ ದೋಣಿಯಲ್ಲಿ ಎಲೆ ಕಟ್ಟಿಕೊಂಡು ಗೋಡೆ ಬಿತ್ತು ಎಂದು, ನನ್ನ ತಂಗಿ ಮಾಳಿಗೆಯ ದೋಣಿ ಗುಡಿಸಲು ಮರೆತದ್ದಕ್ಕೆ ಸತ್ತಳು ಎಂದು, ಅವಳ ಮಗಳ ಕೈಯಿಂದಲೇ, ನನ್ನ ಒಪ್ಪಿಗೆ ಕೇಳಿ.

ಮೊದಲನೇ ದಿನ ಕರ್ರಿಸಾಲ್, ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಮುಳ್ಳುತಂತಿಯೇ ಇನ್ನೂರು ಬಗೆ, ಹಲಗೆಗೆ ಹೊಡೆದು ಸಾಲಾಗಿ ಇಟ್ಟಿದ್ದಾರೆ, ಮುಳ್ಳುತಂತಿ ನೋಡಲು ಟಿಕೆಟ್ಟು ಕೊಡುವ ಜನರೂ ಇದ್ದಾರಲ್ಲ ದೇವರೇ, ಒಂದು ಹಳೆಯ ತಡಿ, ಒಬ್ಬ ದಂತವೈದ್ಯನ ಕುರ್ಚಿ, ಮದುವಣಗಿತ್ತಿಯ ಹಳದಿಯಾದ ಒಂದು ಜೊತೆ ಕೈಗವಸು, ಬೆರಳುಗಳೊಳಗೆ ಹತ್ತಿ ತುಂಬಿ ನಿಲ್ಲಿಸಿದ್ದರು, ಬಿಳಿ ಬೆರಳುಗಳು, ಅದರ ಮುಂದೆ ನನ್ನ ಕಾಲು ಕಿತ್ತುಬರಲಿಲ್ಲ. ಏನು ದೊಡ್ಡಮ್ಮ, ಅಂದಳು, ಪಕ್ಕದಲ್ಲೇ ನಿಂತಿದ್ದಳು, ಕೈಗವಸನ್ನಲ್ಲ, ನನ್ನನ್ನು ನೋಡುತ್ತ. ಏನಿಲ್ಲ, ಹೆಣ್ಣಿನ ಕೈ ಎಷ್ಟು ಚಿಕ್ಕದಿತ್ತು ನೋಡು, ಅಂದೆ. ಇಗರ್ಜಿಗೆ ಹೋದೆವು, ಕಲ್ಲಿನದು, ತಣ್ಣಗಿತ್ತು, ಕಲ್ಲು ನನಗೆ ಇಷ್ಟ, ಕಲ್ಲಿನ ಮುಂದೆ ನನ್ನದೇನೂ ತಪ್ಪಿಲ್ಲ. ಆದರೆ ಇವಳು ಒಳಗೆ ಕಾಲಿಡುವ ಮೊದಲು ಮಾಡುವುದನ್ನು ಅಲ್ಲಿಯೂ ಮಾಡಿದಳು, ತಲೆಯೆತ್ತಿ ಮಾಳಿಗೆಯ ಅಂಚಿನ ದೋಣಿಯನ್ನು ನೋಡುವುದು, ಮಳೆನೀರು ಹೊರಗೆ ಚೆಲ್ಲಲು ಚಾಚಿಕೊಂಡಿರುತ್ತದಲ್ಲ ಆ ಮರದ ದೋಣಿ, ಎಲೆ ಕಟ್ಟಿಕೊಂಡಿದೆಯೇ ಎಂದು. ಎಂಟು ವರ್ಷದವಳಿಂದ ಇದೇ ಚಟ. ಅಕ್ಟೋಬರ್ ಬಂದರೆ ನಮ್ಮ ಮನೆಯ ಮಾಳಿಗೆ ಹತ್ತುತ್ತಿದ್ದಳು, ಪುಟ್ಟ ಪೊರಕೆ ಹಿಡಿದು, ಇಳಿಯೇ ಬಿದ್ದೀಯ ಎಂದು ಕೆಳಗಿನಿಂದ ಕೂಗಿದರೆ, ಇನ್ನೊಂದ್ಸಲ ಗುಡಿಸಿ ಬರ್ತೀನಿ ದೊಡ್ಡಮ್ಮ, ಒಂದು ಎಲೆ ಉಳಿದಿರಬಹುದು, ಮೂರು ಸಲ ಗುಡಿಸುವಳು, ನಾಲ್ಕು ಸಲ, ಗಂಡನ ಮನೆಯಲ್ಲೂ ಹತ್ತಿದಳಂತೆ, ಆ ಗಂಡ ಬಿಟ್ಟು ಹೋದ, ದೋಣಿ ಗುಡಿಸುವ ಚಟ ಬಿಡಲಿಲ್ಲ. ಅವಳ ಅಮ್ಮ ಮರೆತದ್ದನ್ನು ಅವಳು ಮರೆಯಬಾರದು ಎಂದು. ಅವಳ ಅಮ್ಮ ಮರೆತಿರಲಿಲ್ಲ. ನನಗೆ ಗೊತ್ತು. ನೆಲದ ಮೇಲೆ ನಿಂತು ನಾನೇ ನೋಡಿದ್ದೆ, ಹಬ್ಬಕ್ಕೆ ಎರಡು ದಿನ ಮೊದಲು, ಸೆಲ್ಸಾ ಮಾಳಿಗೆಯ ಅಂಚಲ್ಲಿ ಕೂತು ಎಲೆ ಗೋರಿ ಗೋರಿ ಕೆಳಗೆ ಎಸೆಯುತ್ತಿದ್ದಳು, ಬೇಕೆಂದೇ ಒಂದು ಬೊಗಸೆ ಕೊಳೆತ ಎಲೆ ನನ್ನ ತಲೆಯ ಮೇಲೆ ಹಾಕಿದಳು, ಅಕ್ಕಯ್ಯನಿಗೆ ಕಿರೀಟ, ಅಂದಳು, ಥೂ ಕತ್ತೆ, ಅಂದೆ, ಇಬ್ಬರೂ ನಕ್ಕೆವು. ಮೂವತ್ತೆಂಟು ವರ್ಷವಾದರೂ ಆ ಎಲೆಯ ವಾಸನೆ ನನ್ನ ಕೂದಲಿನಿಂದ ಹೋಗಿಲ್ಲ.

ನಮ್ಮೂರು ಲಾಸ್ ತೂಲೆಸ್, ನಮ್ಮ ಇಗರ್ಜಿ ಸಂತ ಗೆರ್ತ್ರೂದಿಸಳದ್ದು, ಹಸಿ ಇಟ್ಟಿಗೆಯ ಗೋಡೆ, ಮೂರು ಅಡಿ ದಪ್ಪ, ಪ್ರತಿ ವರ್ಷ ಹೆಂಗಸರೇ ಮಣ್ಣು ಮೆತ್ತುತ್ತಿದ್ದೆವು, ಗಂಡಸರು ಮಣ್ಣು ತುಳಿದು ಹುಲ್ಲು ಬೆರೆಸಿ ಕೊಟ್ಟು ನೆರಳಲ್ಲಿ ಕೂತು ಟೀಕೆ ಮಾಡಲಿಕ್ಕೆ, ನಾವು ಬರಿಗೈಯಲ್ಲಿ ಮೆತ್ತಲಿಕ್ಕೆ, ಆಮೇಲೆ ಒಳಗೆ ಬಿಳಿಮಣ್ಣು, ಬಿಳಿ ಮರಳಿನ ಕಡೆಯಿಂದ ತಂದ ಕಲ್ಲು ಸುಟ್ಟು ಪುಡಿ ಮಾಡಿ ಕಲಸಿ, ಕುರಿಚರ್ಮದ ತುಂಡಿನಿಂದ ಬಳಿದರೆ ಗೋಡೆ ಹಾಲಿನ ಹಾಗೆ. ನನಗೆ ಹತ್ತು, ಸೆಲ್ಸಾಗೆ ಏಳು, ಇಟ್ಟಿಗೆ ಅಚ್ಚು ಎತ್ತಲು ಹೋಗಿ ನನ್ನ ಕೈಮೇಲೆ ಬೀಳಿಸಿದಳು, ತೋರುಬೆರಳಿನ ತುದಿ ಎಡಕ್ಕೆ ತಿರುಗಿ ಹಾಗೇ ಕೂಡಿಕೊಂಡಿತು, ಅಂದಿನಿಂದ ಸೊಟ್ಟಬೆರಳಿ ಅಂದಳು, ಬೀಳಿಸಿದವಳೂ ಅವಳೇ, ಆಡಿಕೊಂಡವಳೂ ಅವಳೇ. ಗೋಡೆಯ ಮೇಲೆ ಅವಳ ಕೈ ಗುರುತು ನೇರ, ನನ್ನದು ಕೊನೆಯಲ್ಲಿ ಎಡಕ್ಕೆ ಒಂದು ಕೊಕ್ಕೆ. ನೊಯೆಮಿಯ ತಲೆ ಬಾಚಿ ಆ ಬೆರಳಲ್ಲೇ ಬೈತಲೆ ತೆಗೆಯುತ್ತಿದ್ದೆ, ಬೈತಲೆಯೂ ಎಡಕ್ಕೆ, ಸ್ಕೂಲಲ್ಲಿ ಎಲ್ರೂ ನಗ್ತಾರೆ ದೊಡ್ಡಮ್ಮ, ನಗಲಿ ಬಿಡೇ ಹಲ್ಲು ಗಟ್ಟಿಯಾಗುತ್ತೆ. ಸಿಮೆಂಟು ತಂದವನು ನನ್ನ ಗಂಡ ಕ್ಲೆಯೊಫಾಸ್. ಪಟ್ಟಣದಲ್ಲಿ ನೋಡಿ ಬಂದಿದ್ದ, ತಂತಿಬಲೆ ಹೊಡೆದು ಮೇಲೆ ಸಿಮೆಂಟು ಹಾಕಿದರೆ ನೂರು ವರ್ಷ ಮುಟ್ಟುವ ಹಾಗಿಲ್ಲವಂತೆ, ಇನ್ಮೇಲೆ ಹೆಂಗಸರು ಕೈ ಸವೆಸ್ಕೊಳ್ಳೋದು ಬೇಡ, ಕೂತು ರೊಟ್ಟಿ ತಟ್ಟಿ, ಅಂದ, ಊರೆಲ್ಲ ಕುಣಿಯಿತು, ನಾನೂ ಕುಣಿದೆ, ನನ್ನ ಗಂಡನಲ್ಲವೇ. ಸೆಲ್ಸಾ ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಳು, ಭಾವ, ಮಣ್ಣು ಉಸಿರಾಡ್ಬೇಕು, ಒಳಗೆ ಸೇರಿದ ನೀರು ಎಲ್ಲಿಗೆ ಹೋಗುತ್ತೆ ಹೇಳು, ನೀನು ಗೋಡೆಗೆ ರಬ್ಬರ್ ಅಂಗಿ ತೊಡಿಸ್ತಾ ಇದೀಯ. ಗಂಡಸರು ನಕ್ಕರು. ಕ್ಲೆಯೊಫಾಸ್ ನಗಲಿಲ್ಲ. ಅವತ್ತು ಮನೆಗೆ ಬಂದು, ನಿನ್ನ ತಂಗಿಗೆ ಎಲ್ಲದಕ್ಕೂ ಉತ್ತರ ಗೊತ್ತಿರುತ್ತೆ ಅಲ್ವಾ, ಅಂದ, ಹೌದು, ಮೊದಲಿನಿಂದ್ಲೂ ಹಾಗೇ, ಅಂದೆ, ಆ ಮಾತು ಹೇಳುವಾಗ ನನಗೆ ಖುಷಿಯಾಗಿತ್ತು, ಅದನ್ನೂ ಹೇಳಿಬಿಡಬೇಕು, ಖುಷಿಯಾಗಿತ್ತು.

ನಿನ್ನೆ ಪಾಲೋ ಸೇಕೊದಲ್ಲಿ, ಅಲ್ಲಿಯೂ ನಮ್ಮ ಹಾಗೇ ಸಿಮೆಂಟು ಹಾಕಿದ್ದರಂತೆ, ಈಗ ಕೆತ್ತಿ ತೆಗೆದು ಮತ್ತೆ ಮಣ್ಣು ಮೆತ್ತುತ್ತಿದ್ದರು, ಕಾಲೇಜು ಹುಡುಗಿಯರು, ಉಗುರಿಗೆ ನೀಲಿ ಬಣ್ಣ, ಕೂದಲಿಗೂ ನೀಲಿ, ಆದರೆ ಮಣ್ಣಿಗೆ ಹೆದರಿರಲಿಲ್ಲ, ಪಾಪ. ಇವರೇ ನಮ್ಮ ದೊಡ್ಡಮ್ಮ ಒದಿಲಿಯಾ, ಲಾಸ್ ತೂಲೆಸಿನ ಕೊನೇ ಮಣ್ಣು ಮೆತ್ತೋರು, ಎಂದು ನೊಯೆಮಿ ಪರಿಚಯ ಮಾಡಿಸಿದಳು, ಒಬ್ಬಳು ಬಕೆಟ್ಟು ತಂದು ಮುಂದಿಟ್ಟಳು, ಅಜ್ಜೀ ಒಂದ್ಸಲ ತೋರ್ಸಿ ಅಜ್ಜೀ, ಸುತ್ತ ನಿಂತವು, ಫೋನು ಎತ್ತಿಕೊಂಡು. ಎಡಗೈಯಲ್ಲಿ ಮೆತ್ತಿದೆ. ಎಡಗೈಯಲ್ಲಿ ಯಾರಾದರೂ ಮೆತ್ತುತ್ತಾರೆಯೇ, ಮಣ್ಣು ಕಾಲ ಮೇಲೆ ಬಿತ್ತು, ಬಲಗೈಗೆ ವಾತ ಕಣ್ರೇ ಎಂದು ಸುಳ್ಳು ಹೇಳಿದೆ, ಹುಡುಗಿಯರು ಅಯ್ಯೋ ಅಂದವು. ನೊಯೆಮಿ ಅಯ್ಯೋ ಅನ್ನಲಿಲ್ಲ. ಹಿಂದಿನ ವಾರವಷ್ಟೇ ಅದೇ ಬಲಗೈಯಲ್ಲಿ ಮೂರು ಬುಟ್ಟಿ ಮೆಣಸಿನಕಾಯಿ ಸುಲಿದದ್ದನ್ನು ಕೂತು ನೋಡಿದವಳು ಅವಳು. ಗೋಡೆಯ ಬುಡದಲ್ಲಿ ಸಿಮೆಂಟು ಕಿತ್ತ ಜಾಗದಲ್ಲಿ ತೇವ ಇನ್ನೂ ಆರಿರಲಿಲ್ಲ, ಮುಟ್ಟಿ ನೋಡು ದೊಡ್ಡಮ್ಮ, ಎಷ್ಟು ಮೆತ್ತಗಾಗಿದೆ, ಅಂದಳು, ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ, ಯಾರಾದ್ರೂ ಮೊದ್ಲೇ ಮುಟ್ಟಿ ನೋಡಿದ್ರೆ ಗೊತ್ತಾಗ್ತಿತ್ತು ಅಲ್ವಾ. ನನಗೆ ತಲೆ ಸುತ್ತುತ್ತಿದೆ ಕಣೆ, ನೀರು ಕೊಡು, ಅಂದೆ, ತಂದುಕೊಟ್ಟಳು, ಕುಡಿಯುವವರೆಗೂ ನಿಂತಿದ್ದಳು.

ಮುಟ್ಟಿ ನೋಡಿದ್ದೆ. ಸಂತ ಗೆರ್ತ್ರೂದಿಸಳ ಹಬ್ಬದ ಹಿಂದಿನ ದಿನ, ಬೆಳಿಗ್ಗೆ, ಆ ವರ್ಷ ಕೀಲಿಕೈ ನಮ್ಮ ಮನೆಯಲ್ಲಿತ್ತು, ಒಂದೊಂದು ವರ್ಷ ಒಂದೊಂದು ಮನೆಯ ಗಂಡಹೆಂಡಿರಿಗೆ ಇಗರ್ಜಿಯ ಕೀಲಿಕೈ, ಗುಡಿಸುವುದು ಬಳಿಯುವುದು ಹಬ್ಬ ಮಾಡುವುದು ಎಲ್ಲ ಅವರದೇ, ದೋಣಿ ಗುಡಿಸುವುದಕ್ಕೆ ಮಾತ್ರ ಬೇರೆ ಪಾಳಿ, ಮೂವತ್ತು ವರ್ಷದ ಮೇಲೆ ಮೊದಲ ಸಲ ಬಿಷಪ್ಪರು ಬರುವವರಿದ್ದರು, ಕ್ಲೆಯೊಫಾಸ್ ಹೊಸ ಟೋಪಿ ತಂದಿದ್ದ. ಬಾಗಿಲು ತೆಗೆದೆ, ಒಳಗೆ ಕೊಚ್ಚೆಯ ವಾಸನೆ, ಬಲಗಡೆಯ ಗೋಡೆ, ಮೊಣಕಾಲೆತ್ತರಕ್ಕೆ ಕಪ್ಪಗೆ ಒಂದು ಗೆರೆ, ಸಂಜೆ ಇರಲಿಲ್ಲ, ಬೆಳಿಗ್ಗೆ ಇತ್ತು. ಬೆರಳಿಂದ ಒತ್ತಿದೆ. ಬಿಳಿಮಣ್ಣಿನ ಪದರ ಮೊಟ್ಟೆಯ ಸಿಪ್ಪೆಯ ಹಾಗೆ ಒಡೆಯಿತು, ಬೆರಳು ಒಳಗೆ ಹೋಯಿತು, ಮತ್ತೆ ಒತ್ತಲೇ ಇಲ್ಲ, ಅದೇ ಎಳೆದುಕೊಂಡಿತು, ಮೊದಲನೇ ಗೆಣ್ಣು, ಎರಡನೇ ಗೆಣ್ಣು, ಟೋರ್ಟಿಯಾ ರೊಟ್ಟಿಯ ಹಿಟ್ಟಿನಷ್ಟು ಮೆತ್ತಗೆ, ತಣ್ಣಗೆ, ಮೂರು ಅಡಿ ದಪ್ಪದ ಗೋಡೆ ಇಡೀ ಒಳಗೊಳಗೇ ಕರಗಿ ನಿಂತಿತ್ತು, ಸಿಮೆಂಟಿನ ಅಂಗಿ ಮಾತ್ರ ಅದನ್ನು ಹಿಡಿದು ನಿಲ್ಲಿಸಿತ್ತು. ಗೊತ್ತಾಯಿತು. ಆ ಕ್ಷಣವೇ ಗೊತ್ತಾಯಿತು, ಇಲ್ಲಿ ಮನುಷ್ಯರು ಕಾಲಿಡಬಾರದು ಎಂದು. ಓಡಿಹೋಗಿ ಕೂಗಬೇಕಿತ್ತು. ಬದಲು ಏನು ಮಾಡಿದೆ ನೀನು, ಒದಿಲಿಯಾ, ಹೇಳು, ನಿನಗೇ ನೀನು ಹೇಳಿಕೋ — ಸೆಲ್ಸಾ ಅಂದದ್ದು ನಿಜವಾಯಿತಲ್ಲ ಅಂದುಕೊಂಡೆ. ಅದೇ ಮೊದಲು ಅಂದುಕೊಂಡದ್ದು. ಬಿಷಪ್ಪರ ಮುಂದೆ, ಊರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ, ನಾನು ಹೇಳಿರ್ಲಿಲ್ವಾ ಭಾವ ಅನ್ನುತ್ತಾಳೆ, ಒಂದು ದಿನ, ಒಂದೇ ದಿನ ಗೋಡೆ ನಿಲ್ಲಲಿ, ಹಬ್ಬ ಮುಗಿಯಲಿ, ಆಮೇಲೆ ಹೇಳಿದರಾಯಿತು. ಬೆರಳು ತಿರುಚಿ ಎಳೆದುಕೊಂಡೆ. ಬಟ್ಟಲಲ್ಲಿ ಉಳಿದ ಬಿಳಿಮಣ್ಣು ಗಟ್ಟಿಯಾಗಿ ಕಲಸಿ ತೂತಿಗೆ ತುಂಬಿದೆ, ಗೆರೆಯ ಮೇಲೆಲ್ಲ ಬಳಿದೆ, ಎರಡು ಸಲ ಬಳಿದೆ, ಕುರಿಚರ್ಮ ಒಗೆದು ಬಿಸಿಲಿಗೆ ಹಾಕಿದೆ. ಮಧ್ಯಾಹ್ನ ಸೆಲ್ಸಾ ಕಾಗದದ ಹೂವಿನ ಮಾಲೆ ಹಿಡಿದು ಏಣಿ ಹೊತ್ತು ಬಂದಳು, ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು, ಅಕ್ಕಯ್ಯ, ಏನೋ ವಾಸನೆ ಬರ್ತಿದೆ, ಈ ಗೋಡೆ ಸರಿಯಿದ್ಯೇನೇ. ನೋಡಿದೀನಿ ಕಣೆ, ಗಟ್ಟಿ ಇದೆ, ಅಂದೆ. ನೀನೇ ನೋಡಿದ್ಯಾ. ನಾನೇ ನೋಡಿದೀನಿ, ನಿಂಗೆ ಎಲ್ಲದ್ರಲ್ಲೂ ಹುಳುಕು ಹುಡುಕೋ ಚಾಳಿ. ಸರಿ ಬಿಡು, ನೀನು ನೋಡಿದ್ರೆ ಆಯ್ತು, ಅಂದಳು, ಏಣಿಯನ್ನು ಆ ಗೋಡೆಗೇ ಆನಿಸಿದಳು. ನಾನು ಬಾಳೆಹಣ್ಣಿನ ಬಣ್ಣದ ಮೇಜುಬಟ್ಟೆ ತರಲು ಮನೆಗೆ ಹೋದೆ. ಅರ್ಧ ದಾರಿಯಲ್ಲಿದ್ದೆ. ಅಷ್ಟು ದೊಡ್ಡ ಗೋಡೆ ಬಿದ್ದರೂ ಸದ್ದು ದೊಡ್ಡದಿರಲಿಲ್ಲ, ಹಿಟ್ಟಿನ ಚೀಲ ಇಳಿಸಿದ ಹಾಗೆ, ಅಷ್ಟೇ.

ಶವದ ಮುಂದೆ ಊರು ಕೂತಿತ್ತು, ನಾನು ಕಾಫಿ ಬಗ್ಗಿಸುತ್ತಿದ್ದೆ, ಕ್ಲೆಯೊಫಾಸ್ ಟೋಪಿ ಕೈಯಲ್ಲಿ ತಿರುಗಿಸುತ್ತ, ದೋಣಿ ತುಂಬ ಎಲೆ ಇತ್ತಂತೆ, ನೀರೆಲ್ಲ ಗೋಡೆಯೊಳಗೇ ಇಳಿದಿದೆ, ದೋಣಿ ಗುಡಿಸೋದು ಅವಳ ಪಾಳಿ, ಪಾಪ, ಮರೆತಿರ್ಬೇಕು, ಅಂದ. ಪಾಪ ಎಂಬ ಮಾತು ಬೇರೆ ಸೇರಿಸಿದ, ಹಾಗಾಗಿ ಅದು ದೂರಿನ ಹಾಗೆ ಕೇಳಲಿಲ್ಲ, ಎಲ್ಲರೂ ತಲೆಯಾಡಿಸಿದರು, ಸಿಮೆಂಟಿನ ಸುದ್ದಿ ಯಾರೂ ಎತ್ತಲಿಲ್ಲ, ಎಲ್ಲರೂ ಕೈ ಹಾಕಿದ್ದರಲ್ಲ ಅದಕ್ಕೆ. ನನ್ನ ಕೂದಲಲ್ಲಿ ಎಲೆಯ ವಾಸನೆ. ಕಾಫಿ ಬಗ್ಗಿಸಿದೆ. ಏಳು ವರ್ಷದ ನೊಯೆಮಿ, ಅಪ್ಪ ಅದಕ್ಕೂ ಮೊದಲೇ ಹೋಗಿದ್ದ, ನನ್ನ ಲಂಗ ಜಗ್ಗಿ, ಅಮ್ಮ ಗುಡಿಸ್ಲಿಲ್ವಾ ದೊಡ್ಡಮ್ಮ, ಎಂದು ಕೇಳಿತು. ಮರೆತಿರ್ಬೇಕು ಕಣೇ ಚಿನ್ನ, ಅಂದೆ. ಗೋಡೆ ಬಿದ್ದದ್ದಕ್ಕಿಂತ ದೊಡ್ಡ ಪಾಪ ಅದು. ಅದನ್ನು ಹೇಳುವಾಗ ನನಗೆ ಯಾವ ಬಿಷಪ್ಪರ ಭಯವೂ ಇರಲಿಲ್ಲ, ಇವಳ ಭಯ, ಈ ಪುಟ್ಟ ಮುಖದ ಭಯ, ಇವಳು ನನ್ನ ಮನೆಗೆ ಬರುವುದಿಲ್ಲ ಎನ್ನುವ ಭಯ, ನನಗೆ ಮಕ್ಕಳಿರಲಿಲ್ಲ. ಬಂದಳು. ಬೆಳೆಸಿದೆ. ಜ್ವರ ಬಂದರೆ ಎದೆಮೇಲೆ ಮಲಗಿಸಿಕೊಂಡೆ, ಪ್ರತಿ ಸಲ ದೊಡ್ಡಮ್ಮ ಎಂದು ಕೂಗಿದಾಗಲೂ ಕದ್ದ ವಸ್ತುವನ್ನು ಯಾರೋ ಹೆಸರು ಹಿಡಿದು ಕೇಳಿದ ಹಾಗೆ ಬೆಚ್ಚಿದೆ. ಕ್ಲೆಯೊಫಾಸ್ ತೀರಿಹೋದ, ಅವನಿಗೂ ಹೇಳಲಿಲ್ಲ. ಪಾದ್ರಿಗೂ ಹೇಳಲಿಲ್ಲ, ಬಾಯಿತಪ್ಪಿ ಆಡಿದ್ದು, ಶುಕ್ರವಾರ ಮಾಂಸ ತಿಂದದ್ದು, ಅವೆಲ್ಲ ಹೇಳಿದೆ, ಒಳ್ಳೆ ತಪ್ಪೊಪ್ಪಿಗೆ.

ಮಧ್ಯಾಹ್ನ ರಸ್ತೆ ಬದಿಯ ಹೋಟೆಲಲ್ಲಿ ಹುರುಳಿಕಾಯಿ ಬೀಜದ ಸಾರು, ಹಸಿಮೆಣಸಿನ ಗೊಜ್ಜು, ಇದಕ್ಕಿಂತ ನಮ್ಮ ಬಾವಿನೀರು ಖಾರ ಇರುತ್ತೆ ಅಂದೆ, ಬಡಿಸುವವಳು ನಕ್ಕು ಇನ್ನೊಂದು ಬಟ್ಟಲು ತಂದಿಟ್ಟಳು. ನೊಯೆಮಿ ತಿನ್ನಲಿಲ್ಲ. ಟೋರ್ಟಿಯಾ ಹರಿದು ಹರಿದು ಗುಡ್ಡೆ ಹಾಕಿದಳು. ದೊಡ್ಡಮ್ಮ, ನಾನು ಅಮ್ಮನ್ನ ಯಾವತ್ತೋ ಕ್ಷಮಿಸಿಬಿಟ್ಟಿದೀನಿ ಗೊತ್ತಾ, ಅಂದಳು, ಇದ್ದಕ್ಕಿದ್ದ ಹಾಗೆ. ಹದಿನೈದು ವರ್ಷ ಆದಾಗ, ಮಾಳಿಗೆ ಮೇಲೆ ಕೂತ್ಕೊಂಡು, ಪರ್ವಾಗಿಲ್ಲ ಅಮ್ಮ, ಎಲ್ರೂ ಮರೀತಾರೆ, ಅಂತ ಜೋರಾಗಿ ಹೇಳಿದ್ದೆ. ಸತ್ತವಳನ್ನು, ಮಾಡದ ತಪ್ಪಿಗೆ, ನನ್ನ ಮಗು ನನ್ನದೇ ಮನೆಯ ಮಾಳಿಗೆಯ ಮೇಲೆ ಕೂತು ಕ್ಷಮಿಸಿದೆ. ಆ ಹೊತ್ತು ನಾನು ಕೆಳಗೆ ಅಡುಗೆ ಮಾಡುತ್ತಿದ್ದಿರಬೇಕು. ಹೇಳು, ಈಗ ಹೇಳು, ಬಾಯಿ ತೆಗಿ ಮುದುಕಿ — ಗೊಜ್ಜು ಚೆನ್ನಾಗಿದೆ ಕಣೆ, ತಿನ್ನು, ಅಂದೆ. ಎದ್ದು ಕಾರಿನ ಕೀಲಿಕೈ ತೆಗೆದುಕೊಂಡಳು.

ಅಗುವಾ ಮಾನ್ಸಾ. ಹಳೆಯ ರೈಲ್ವೆ ಸ್ಟೇಷನ್ನೇ ಮ್ಯೂಸಿಯಂ, ರೈಲು ನಿಂತು ನನ್ನ ವಯಸ್ಸಿನಷ್ಟು ಕಾಲವಾಯಿತು, ಗಾರ್ಡಿನ ಕಂದೀಲು, ಗಂಟೆ, ಮುರಿದ ಸಂತರು ಸಾಲಾಗಿ, ಒಬ್ಬನಿಗೆ ಮೂಗಿಲ್ಲ, ಇನ್ನೊಬ್ಬನ ಗೂಳಿಗೆ ಕೋಡಿಲ್ಲ, ಬೀಗದ ಕೈ ಕೊಟ್ಟ ಹೆಂಗಸು ನಾಳೆ ಬರ್ತೀನಿ ಎಂದು ಹೋಗಿಬಿಟ್ಟಳು, ನಾವಿಬ್ಬರೇ. ಕೊನೆಯ ಕೋಣೆ. ಗಾಜಿನ ಪೆಟ್ಟಿಗೆಯಲ್ಲಿ ಗೋಡೆ, ಕುರಿಮರಿಯಷ್ಟು ಗಾತ್ರದ ಒಂದು ತುಂಡು, ಹೊರಗೆ ಸಿಮೆಂಟು, ತುಕ್ಕು ಹಿಡಿದ ತಂತಿ, ನಡುವೆ ನಮ್ಮ ಮಣ್ಣು, ಹುಲ್ಲಿನ ಕಡ್ಡಿ ಇನ್ನೂ ಹಳದಿ, ಒಳಗಡೆ ಬಿಳಿ ಪದರ. ಬಿಳಿ ಪದರದಲ್ಲಿ ಒಂದು ತೂತು. ಪಕ್ಕದಲ್ಲಿ ಕಪ್ಪು ಬಟ್ಟೆಯ ಮೇಲೆ, ಬೇರೆಯಾಗಿ, ಒಂದು ಬೆರಳು. ಬಿಳಿ ಬೆರಳು. ಎರಡನೇ ಗೆಣ್ಣಿನವರೆಗೆ. ಉಗುರಿನ ಗುರುತಿದೆ, ಗೆಣ್ಣಿನ ಸುಕ್ಕಿದೆ, ತುದಿ ಎಡಕ್ಕೆ. ತೊಳೀತಾ ಇದ್ದೆ, ಬ್ರಷ್ಷಲ್ಲಿ, ತಾನಾಗೇ ಈಚೆ ಬಂತು, ಅಂದಳು ನೊಯೆಮಿ, ನನ್ನ ಹಿಂದೆ ಎಲ್ಲೋ. ಯಾರೋ ಬೆರಳಿಟ್ಟು ನೋಡಿ, ಗೋಡೆ ಕರಗಿರೋದು ಗೊತ್ತಾಗಿ, ಬಿಳಿಮಣ್ಣು ತುಂಬಿ ಮುಚ್ಚಿದಾರೆ, ಅದು ಆ ಬೆರಳಿನ ಆಕಾರಕ್ಕೇ ಗಟ್ಟಿಯಾಗಿದೆ. ದೋಣಿಗೂ ಇದಕ್ಕೂ ಸಂಬಂಧ ಇಲ್ಲ, ನೀರು ಕೆಳಗಿಂದ ಏರಿರೋದು, ಸಿಮೆಂಟಿಂದ. ನನ್ನ ಬೈತಲೆ ಎಡಕ್ಕೆ ಹೋಗ್ತಿತ್ತಲ್ಲ ದೊಡ್ಡಮ್ಮ, ಅಂದಳು, ಅಷ್ಟೇ ಮೆಲ್ಲಗೆ. ನೋಡಿದ ತಕ್ಷಣ ಗೊತ್ತಾಯ್ತು. ಮೂರು ವಾರದಿಂದ ಗೊತ್ತು. ನಾನಾಗಿ ಕೇಳ್ಬಾರ್ದು, ನೀನಾಗೇ ಹೇಳ್ಬೇಕು ಅಂತ ಮೂರು ದಿನ ಕಾರು ಓಡಿಸಿದೆ, ಒಂದೊಂದು ಇಗರ್ಜಿ ಬಂದಾಗ್ಲೂ ಈಗ ಹೇಳ್ತೀಯ, ಈಗ ಹೇಳ್ತೀಯ ಅಂತ.

ಕೆಳಗೆ ವಿವರ ಬರೆಯುವ ಹಲಗೆ ಖಾಲಿ. ಅಳು ಬರಲಿಲ್ಲ, ಅತ್ತರೆ ಇವಳು ಬಂದು ನನ್ನನ್ನು ಹಿಡಿದುಕೊಳ್ಳುತ್ತಾಳೆ, ಹಿಡಿಸಿಕೊಳ್ಳುವ ಹಕ್ಕು ನನಗಿಲ್ಲ. ನಿಮ್ಮಮ್ಮ ಗುಡಿಸಿದ್ದಳು, ಅಂದೆ. ಇಷ್ಟು ವರ್ಷದ ಮೇಲೆ ಎರಡೇ ಪದದ ಮಾತು. ಏನು, ಅಂದಳು. ದೋಣಿ ಗುಡಿಸಿದ್ದಳು, ಎಲೆ ನನ್ನ ತಲೆ ಮೇಲೆ ಹಾಕಿದಳು, ನಾನು ನೋಡಿದೀನಿ, ಗೋಡೆ ಸರಿಯಿದ್ಯಾ ಅಂತ ಕೇಳಿದಳು, ಗಟ್ಟಿ ಇದೆ ಅಂತ ನಾನು ಹೇಳಿದೆ, ಅವಳು ಗೆಲ್ಲಬಾರದು ಅಂತ ಹೇಳಿದೆ ಕಣೆ, ನಿಂಗೂ ಸುಳ್ಳು ಹೇಳಿದೆ, ಅವಳು ಏನೂ ಮರೆತಿರ್ಲಿಲ್ಲ. ನೊಯೆಮಿಯ ಬಾಯಿ ಸ್ವಲ್ಪ ತೆರೆಯಿತು, ಬೆರಳು ಗೊತ್ತಿತ್ತು ಇವಳಿಗೆ, ಎಲೆ ಗೊತ್ತಿರಲಿಲ್ಲ. ಗುಡಿಸಿದ್ದಳಾ, ಅಂದಳು, ಏಳು ವರ್ಷದವಳ ದನಿ, ಅದೇ ದನಿ. ಹೂಂ, ಅಂದೆ. ಚೀಲದಿಂದ ಒಂದು ರಟ್ಟು, ಒಂದು ಪೆನ್ಸಿಲ್ಲು ತೆಗೆದು ನನ್ನ ಮುಂದೆ ಹಿಡಿದಳು, ನೀನೇ ಬರಿ, ನಿನ್ನ ಕೈಯಲ್ಲೇ ಬರಿ, ಎಂದು ಹೊರಗೆ ಹೋದಳು. ಕಿಟಕಿಯಲ್ಲಿ ಕಾಣುತ್ತಾಳೆ, ಕಾರಿನ ಹತ್ತಿರ ನಿಂತು ಅಭ್ಯಾಸಬಲದಿಂದ ತಲೆಯೆತ್ತಿ ಸ್ಟೇಷನ್ನಿನ ಮಾಳಿಗೆಯ ದೋಣಿ ನೋಡಿದಳು, ನೋಡಿ ಅರ್ಧಕ್ಕೇ ನಿಂತಳು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಭುಜ ಅಲುಗುತ್ತಿದೆ, ಕಾರಿನ ಬಾಗಿಲು ತೆಗೆದಳು, ಹತ್ತುತ್ತಾಳೋ, ಹೋಗುತ್ತಾಳೋ, ಹೋದರೆ ಹೋಗಲಿ, ಇಲ್ಲ ಹೋಗದಿರಲಿ ದೇವರೇ, ಬರೆಯಬೇಕು, ಮೊದಲು ಬರೆಯಬೇಕು, ಬಲಗೈ ಶಾಲಿನಿಂದ ಈಚೆ ಬಂತು, ಪೆನ್ಸಿಲ್ಲು ಹಿಡಿದರೆ ತೋರುಬೆರಳೇ ಮುಂದೆ, ಸೆಲ್ಸಾ ಎಂದು ಬರೆದೆ, ಸೆಲ್ಸಾ ಗುಡಿಸಿದ್ದಳು, ಅಕ್ಷರಗಳೂ ಎಡಕ್ಕೆ, ಮುಂದೆ ನನ್ನ ಹೆಸರು ಬರಬೇಕು, ಒದಿ, ಒದಿಲಿ — ಬೆರಳು ಒದ್ದೆಯಾಗಿದೆ, ಇಲ್ಲ, ಒಣಗಿದೆ, ಒದ್ದೆಯಾಗಿದೆ, ತಣ್ಣಗೆ, ಮೆತ್ತಗೆ, ಗಾಜಿನ ಈಚೆ ಒಂದು ಬೆರಳು, ಗಾಜಿನ ಆಚೆ ಒಂದು ಬೆರಳು, ಬಿಳಿ, ತುದಿ ಎಡಕ್ಕೆ, ಬಿಳಿ ಬೆರಳು, ಎರಡನೇ ಗೆಣ್ಣಿನವರೆಗೆ